ಝೀಝೀ ಗಿಡ ಬೆಳೆಯುತ್ತಲೇ ಇಲ್ಲ, ಎಲೆ ಬೇರೆ ಹಳದಿ ಆಗ್ತಿದೆ: ಏನು ಮಾಡಲಿ?

ಪ್ರಶ್ನೆ: ಗೃಹಪ್ರವೇಶಕ್ಕೆ ಸ್ನೇಹಿತರು ಮನೆಯೊಳಗೆ ಇಡುವ ಒಂದು ಝೀಝೀ (ZZ) ಗಿಡ ಕೊಟ್ಟಿದ್ದರು. ಎರಡು ವರ್ಷ ಆಗ್ತಾ ಬಂತು. ನಮ್ಮದು ಬೆಂಗಳೂರಲ್ಲಿ ಮೂರನೇ ಮಹಡಿಯ ಫ್ಲ್ಯಾಟು. ಗಿಡ ಹಾಲ್‌ನಲ್ಲಿ ಟಿವಿ ಪಕ್ಕದ ಮೂಲೆಯಲ್ಲಿದೆ. ಬಿಳಿ ಪಿಂಗಾಣಿ ಕುಂಡ, ಅವರು ಕೊಟ್ಟಿದ್ದೇ. ತಳದಲ್ಲಿ ತೂತು ಇಲ್ಲ. ವಾರಕ್ಕೆ ಎರಡು ಸಲ ಒಂದೊಂದು ಲೋಟ ನೀರು ಹಾಕುತ್ತೇನೆ. ಮೊದಲ ವರ್ಷ ಎರಡು ಹೊಸ ಕೊಂಬೆ ಬಂದವು, ಆಮೇಲೆ ಏನೂ ಇಲ್ಲ. ಈಗ ಕೆಳಗಿನ ಎಲೆಗಳು ಹಳದಿಯಾಗಿ ಉದುರುತ್ತಿವೆ. ಒಂದು ಕೊಂಬೆ ಬುಡದಲ್ಲೇ ಬಾಗಿ ಬಿದ್ದಿದೆ. ಗೊಬ್ಬರ ಸಾಲದೇನೋ ಅಂತ ಅಕ್ಕಿ ತೊಳೆದ ನೀರು, ಟೀ ಚರಟ ಎಲ್ಲ ಹಾಕಿದೆ. ಅತ್ತೆಯವರು "ಅದು ವಿಷದ ಗಿಡ, ಮನೇಲಿ ಮೂರು ವರ್ಷದ ಮಗು ಇದೆ, ಬಿಸಾಕು" ಅಂತಾರೆ. ಗಿಡ ಉಳಿಸಿಕೊಳ್ಳಬಹುದಾ? ಉಳಿಸಿಕೊಳ್ಳಬೇಕಾ?

ಉತ್ತರ: ಉಳಿಸಿಕೊಳ್ಳಬಹುದು. ಆದರೆ ಇವತ್ತೇ ನೀರು ನಿಲ್ಲಿಸಿ. ಅಕ್ಕಿ ನೀರು, ಟೀ ಚರಟ ಎಲ್ಲವನ್ನೂ ನಿಲ್ಲಿಸಿ.

ಮುಂದೆ ಓದುವ ಮೊದಲು ಒಂದು ಕೆಲಸ ಮಾಡಿ. ಬಾಗಿ ಬಿದ್ದಿರುವ ಕೊಂಬೆಯ ಬುಡವನ್ನು, ಅದು ಮಣ್ಣಿಗೆ ತಾಗುವ ಜಾಗದಲ್ಲಿ, ಎರಡು ಬೆರಳಲ್ಲಿ ಮೆಲ್ಲಗೆ ಒತ್ತಿ ನೋಡಿ. ಗಟ್ಟಿಯಾಗಿದ್ದರೆ ಅದು ಬೆಳಕು ಹುಡುಕಿಕೊಂಡು ವಾಲಿರಬಹುದು, ಅಷ್ಟು ಗಾಬರಿ ಬೇಡ. ಮೆತ್ತಗಿದ್ದು, ಕಂದು ನೀರು ಜಿನುಗಿ, ಮೇಲಿನ ಸಿಪ್ಪೆ ಬೆರಳಿಗೆ ಜಾರಿ ಬಂದರೆ ಅದು ಕೊಳೆತಿದೆ. ಮೂಸಿ ನೋಡಿದರೂ ಗೊತ್ತಾಗುತ್ತದೆ. ನೀವು ಬರೆದದ್ದನ್ನೆಲ್ಲ ಸೇರಿಸಿ ನೋಡಿದರೆ ಕೊಳೆತಿದೆ ಅಂತಲೇ ನನ್ನ ಅಂದಾಜು. ತೂತಿಲ್ಲದ ಕುಂಡ ಅಂದ ಕೂಡಲೇ ಅರ್ಧ ಉತ್ತರ ಸಿಕ್ಕಿತು.

ನೀವು ಕೊಂಬೆ ಅಂತ ಬರೆದಿದ್ದೀರಲ್ಲ, ಅದು ಕೊಂಬೆಯಲ್ಲ. ನೆಲದಿಂದ ತುದಿಯವರೆಗೆ ಅದು ಪೂರ್ತಿ ಒಂದೇ ಎಲೆ. ಕರಿಬೇವಿನ ಒಂದು ಎಸಳಲ್ಲಿ ನಡುವಿನ ಕಡ್ಡಿಗೆ ಎರಡೂ ಕಡೆ ಪುಟ್ಟ ಎಲೆಗಳು ಇರುತ್ತವೆ ಅಲ್ವಾ, ಇದೂ ಹಾಗೆಯೇ. ಗಾತ್ರ ಮಾತ್ರ ಎರಡು ಅಡಿ. ಹಾಗಾದರೆ ಈ ಗಿಡದ ಕಾಂಡ ಎಲ್ಲಿ? ಮಣ್ಣಿನೊಳಗೆ. ಅಲ್ಲೊಂದು ದಪ್ಪ ಗೆಡ್ಡೆ ಇದೆ. ಗಿಡದ ಜೀವ ಇರುವುದು ಅದರಲ್ಲೇ. ಮೇಲೆ ಕಾಣುವ ಹಸಿರು ಗೆಡ್ಡೆ ಕಳಿಸಿದ್ದು. ಹಾಗಾಗಿ ಝೀಝೀ ಚೆನ್ನಾಗಿದೆಯಾ ಇಲ್ಲವಾ ಅಂತ ಎಲೆ ನೋಡಿ ಹೇಳುವುದು ಕಷ್ಟ. ಗೆಡ್ಡೆ ಕೊಳೆಯಲು ಶುರುವಾದ ಮೇಲೂ ಎಲೆಗಳು ವಾರಗಟ್ಟಲೆ ಹೊಳೆಯುತ್ತಾ ನಿಂತಿರುತ್ತವೆ. ಹಳದಿ ಬಣ್ಣ ಕಾಣಿಸುವಾಗ ಒಳಗಿನ ಕಥೆ ಆಗಲೇ ಬಹಳ ಮುಂದೆ ಹೋಗಿರುತ್ತದೆ.

ಈ ಗಿಡದ ತವರು ಪೂರ್ವ ಆಫ್ರಿಕಾ. ಕೆನ್ಯಾದಿಂದ ಟಾಂಜಾನಿಯಾ, ಮಲಾವಿ, ಮೊಜಾಂಬಿಕ್, ಜಿಂಬಾಬ್ವೆ ದಾಟಿ ದಕ್ಷಿಣ ಆಫ್ರಿಕಾದವರೆಗೂ ಕಾಡಿನಲ್ಲಿ ಸಿಗುತ್ತದೆ. ಅಲ್ಲಿ ಕೆಲವು ತಿಂಗಳು ಮಳೆ, ಉಳಿದ ತಿಂಗಳು ಒಣ. ಮರಗಳ ಅರೆನೆರಳು, ಕಲ್ಲು ಬೆರೆತ ಮಣ್ಣು. ಮಳೆ ಬಂದಾಗ ಕುಡಿದು, ಗೆಡ್ಡೆಯಲ್ಲೂ ದಪ್ಪ ದಂಟಿನಲ್ಲೂ (ನೀವು ಕೊಂಬೆ ಅಂದ ಆ ನಡುವಿನ ಕಡ್ಡಿ) ನೀರು ತುಂಬಿಕೊಳ್ಳುತ್ತದೆ. ಎಲೆಯ ತೂಕದಲ್ಲಿ ನೂರಕ್ಕೆ ಸುಮಾರು 91 ಭಾಗ, ದಂಟಿನ ತೂಕದಲ್ಲಿ ಸುಮಾರು 95 ಭಾಗ ನೀರೇ ಅಂತ ಅಳತೆ ಮಾಡಿದವರು ಹೇಳುತ್ತಾರೆ. ಬರ ಜಾಸ್ತಿಯಾದರೆ ಪುಟ್ಟ ಎಲೆಗಳನ್ನು ಒಂದೊಂದಾಗಿ ಉದುರಿಸಿಬಿಡುತ್ತದೆ. ಬುಡದ ದಂಟು, ಗೆಡ್ಡೆ ಎರಡನ್ನೇ ಇಟ್ಟುಕೊಂಡು ಸುಮ್ನೆ ಮಲಗುತ್ತದೆ. ಮತ್ತೆ ಮಳೆ ಬಿದ್ದರೆ ಮತ್ತೆ ಸುಳಿ ಹೊರಡುತ್ತದೆ.

ನಿಧಾನ ಯಾಕೆ ಅನ್ನುವುದಕ್ಕೂ ಇಲ್ಲೇ ಉತ್ತರ ಇದೆ. ಹೆಚ್ಚಿನ ಗಿಡಗಳು ಹಗಲು ಹೊತ್ತು ಎಲೆಯ ಸಣ್ಣ ರಂಧ್ರಗಳನ್ನು ತೆರೆದು ಗಾಳಿಯಿಂದ ಕಾರ್ಬನ್ ಡೈಆಕ್ಸೈಡ್ ಎಳೆದುಕೊಳ್ಳುತ್ತವೆ. ಅದೇ ಬಾಗಿಲಲ್ಲಿ ನೀರು ಆವಿಯಾಗಿ ಹೊರಗೆ ಹೋಗುತ್ತದೆ. ಝೀಝೀಗೆ ನೀರಿನ ಕೊರತೆ ಆದಾಗ ಹಗಲು ರಂಧ್ರ ಮುಚ್ಚಿಕೊಂಡು, ತಂಪಾದ ರಾತ್ರಿ ಹೊತ್ತು ತೆರೆಯುತ್ತದೆ. ಕತ್ತಾಳೆ, ಪಾಪಾಸುಕಳ್ಳಿ, ಅನಾನಸ್ ಕೂಡ ರಾತ್ರಿಯೇ ಬಾಗಿಲು ತೆರೆಯುವ ಜಾತಿ. ಇದರಿಂದ ನೀರು ಉಳಿಯುತ್ತದೆ. ಆದರೆ ರಾತ್ರಿ ಕೂಡಿಟ್ಟ ಅಷ್ಟರಲ್ಲೇ ಹಗಲಿನ ಅಡುಗೆ ಮುಗಿಯಬೇಕು. ಹೀಗೆ ಬದುಕುವ ಗಿಡ ಓಡುವುದಿಲ್ಲ. ಗಮನಿಸಿ, ಇದು ಕೊರತೆ ಆದಾಗ ಮಾಡುವ ಉಪಾಯ. ನೀರು, ಬೆಳಕು ಎರಡೂ ಹದವಾಗಿ ಸಿಕ್ಕರೆ ಹಗಲಲ್ಲೂ ಗಾಳಿ ತೆಗೆದುಕೊಂಡು ಇನ್ನೂ ಚೆನ್ನಾಗಿ ಬೆಳೆಯುತ್ತದೆ. ಬರ ತಡೆಯುತ್ತದೆ ಅಂದರೆ ಬರ ಇಷ್ಟ ಅಂತ ಅರ್ಥ ಅಲ್ಲ. "ಇದಕ್ಕೆ ನೀರೇ ಬೇಡ" ಅಂತ ನರ್ಸರಿಯವರು ಹೇಳಿದ್ದನ್ನು ನಂಬಿ ಆರು ತಿಂಗಳು ಒಣಗಿಸಿದವರನ್ನೂ ನೋಡಿದ್ದೇನೆ. ಅವರ ಗಿಡ ಸಾಯಲಿಲ್ಲ ನಿಜ, ಬೆಳೆಯಲೂ ಇಲ್ಲ.

ಈಗ ನಿಮ್ಮ ಮನೆಗೆ ಬರೋಣ. ಒಂದು ಲೋಟ ಅಂದರೆ 200 ಎಂಎಲ್ ಅಂತ ಇಟ್ಟುಕೊಳ್ಳಿ. ವಾರಕ್ಕೆ ಎರಡು ಸಲ ಹಾಕಿದರೆ ತಿಂಗಳಿಗೆ ಒಂದೂವರೆ ಲೀಟರ್ ದಾಟುತ್ತದೆ. ಟಿವಿ ಮೂಲೆಯಲ್ಲಿ ಬೆಳಕು ಕಡಿಮೆ. ಬೆಳಕು ಕಡಿಮೆ ಇದ್ದರೆ ಗಿಡ ಕುಡಿಯುವುದೂ ಕಡಿಮೆ. ಗಾಳಿ ಆಡದ ಮೂಲೆಯಲ್ಲಿ ಮಣ್ಣು ತಾನಾಗಿ ಆರುವುದೂ ಕಡಿಮೆ. ತಳದಲ್ಲಿ ತೂತಿಲ್ಲ. ಹಾಗಾದರೆ ಆ ಒಂದೂವರೆ ಲೀಟರ್ ಎಲ್ಲಿಗೆ ಹೋಗಬೇಕು? ಎಲ್ಲಿಗೂ ಹೋಗಲಿಲ್ಲ, ಗೆಡ್ಡೆಯ ಸುತ್ತಲೇ ನಿಂತಿತು. ಮಣ್ಣಿನ ಸಂದುಗಳಲ್ಲಿ ಗಾಳಿಯ ಬದಲು ನೀರು ತುಂಬಿದಾಗ ಬೇರಿಗೆ ಉಸಿರು ಕಟ್ಟುತ್ತದೆ. ಸತ್ತ ಬೇರಿನ ಮೂಲಕ ಪಿಥಿಯಂ, ಫೈಟಾಫ್ತೊರಾ ಥರದ ರೋಗಾಣುಗಳು ಒಳಗೆ ಹೋಗುತ್ತವೆ. ಮಲೆನಾಡಿನವರಿಗೆ ಈ ಎರಡನೇ ಹೆಸರು ಹೊಸದಲ್ಲ. ಅಡಿಕೆಗೆ ಕೊಳೆರೋಗ ತರುವುದು ಅದೇ ಫೈಟಾಫ್ತೊರಾ ಗುಂಪಿನದು. ಬಿಡದೆ ಸುರಿವ ಮಳೆಯಲ್ಲಿ ತೋಟದಲ್ಲಿ ಆಗುವುದೇ ನಿಮ್ಮ ಹಾಲ್‌ನ ಕುಂಡದಲ್ಲಿ ಸದ್ದಿಲ್ಲದೆ ಆಗಿದೆ.

ಮೊದಲ ವರ್ಷ ಎರಡು ಸುಳಿ ಬಂದದ್ದು ನಿಮ್ಮನ್ನು ದಾರಿ ತಪ್ಪಿಸಿರಬೇಕು. ನೀರು ಹಾಕಿದ್ದಕ್ಕೆ ಬಂತು ಅಂತ ಅನ್ನಿಸುವುದು ಸಹಜ. ಅದು ನರ್ಸರಿಯ ಬೆಳಕಿನಲ್ಲಿದ್ದಾಗ ಗೆಡ್ಡೆ ಕೂಡಿಟ್ಟ ದುಡ್ಡು. ನಿಮ್ಮ ಮನೆಗೆ ಬಂದ ಮೇಲೆ ಖರ್ಚಾಯಿತು, ಮತ್ತೆ ಜಮೆ ಆಗಲಿಲ್ಲ.

ಎಲೆ ಹಳದಿಯಾದರೆ ನೀರು ಕಡಿಮೆ ಆಯಿತು ಅಂತ ಇನ್ನೊಂದು ಲೋಟ ಸುರಿಯುವವರೇ ಜಾಸ್ತಿ. ಝೀಝೀಯಲ್ಲಿ ವ್ಯತ್ಯಾಸ ಹೀಗೆ ಕಂಡುಹಿಡಿಯಬಹುದು. ನೀರು ಕಡಿಮೆಯಾದರೆ ದಂಟಿನ ಮೇಲೆ ಉದ್ದುದ್ದ ಸುಕ್ಕು ಬೀಳುತ್ತದೆ, ಎಲೆಯ ಹೊಳಪು ಹೋಗುತ್ತದೆ, ಕುಂಡ ಎತ್ತಿದರೆ ಹಗುರ. ನೀರು ಜಾಸ್ತಿಯಾದರೆ ದಂಟು ಉಬ್ಬಿಕೊಂಡೇ ಇರುತ್ತದೆ, ಬುಡ ಮೆತ್ತಗಾಗುತ್ತದೆ, ಕುಂಡ ಭಾರ. ಇವೆರಡೂ ಅಲ್ಲದೆ, ತೀರಾ ಹಳೆಯ ದಂಟು ಒಂದೇ ಒಂದು ನಿಧಾನಕ್ಕೆ ಹಳದಿಯಾಗಿ ಒಣಗಿದರೆ ಅದು ವಯಸ್ಸು. ಬುಡದಲ್ಲಿ ಕತ್ತರಿಸಿ ತೆಗೆದರೆ ಆಯಿತು.

ಇನ್ನು ಚಿಕಿತ್ಸೆ. ಬಿಡುವಿರುವ ಒಂದು ಬೆಳಿಗ್ಗೆ ನೋಡಿಕೊಳ್ಳಿ, ನೆಲಕ್ಕೆ ಹಳೆಯ ಪೇಪರ್ ಹಾಸಿ. ಕೈಗೆ ಗ್ಲೌಸ್ ಇರಲಿ, ಕಾರಣ ಆಮೇಲೆ ಹೇಳುತ್ತೇನೆ. ಕುಂಡವನ್ನು ಅಡ್ಡ ಮಲಗಿಸಿ, ಅಂಚಿನ ಸುತ್ತ ಒಂದು ಹಳೆಯ ಚಾಕು ಆಡಿಸಿ, ಎಲ್ಲ ದಂಟುಗಳನ್ನೂ ಒಟ್ಟಿಗೆ ಹಿಡಿದು ನಿಧಾನಕ್ಕೆ ಎಳೆಯಿರಿ. ಒಂದೇ ದಂಟು ಹಿಡಿದು ಎಳೆದರೆ ಅದು ಕಿತ್ತು ಕೈಗೆ ಬರುತ್ತದೆ. ಹೊರಗೆ ಬಂದ ಮುದ್ದೆಯ ಮಣ್ಣನ್ನು ಬೆರಳಲ್ಲೇ ಬಿಡಿಸಿ. ಹೆಚ್ಚಿನ ನರ್ಸರಿ ಗಿಡಗಳು ಬರೀ ತೆಂಗಿನ ನಾರಿನ ಪುಡಿಯಲ್ಲಿ, ಅಂದರೆ ಕೋಕೋಪೀಟ್‌ನಲ್ಲಿ ಇರುತ್ತವೆ. ದಿನಾ ಬಿಸಿಲು ಗಾಳಿ ಇರುವ ನರ್ಸರಿಗೆ ಅದು ಸರಿ. ಮನೆಯೊಳಗೆ ಅದು ತಿಂಗಳುಗಟ್ಟಲೆ ನೀರು ಹಿಡಿದುಕೊಂಡೇ ಇರುತ್ತದೆ. ಮೇಲ್ಗಡೆ ಒಣಗಿದ ಹಾಗೆ ಕಂಡರೂ ನಡುವೆ ಹಿಂಡಿದರೆ ನೀರು ಬರುತ್ತದೆ. ಅದನ್ನೆಲ್ಲ ತೆಗೆಯಿರಿ.

ಮಣ್ಣು ಬಿಟ್ಟ ಮೇಲೆ ಗೆಡ್ಡೆಗಳು ಕಾಣುತ್ತವೆ. ಒಳ್ಳೆಯ ಗೆಡ್ಡೆ ತಿಳಿ ಕಂದು, ಗಟ್ಟಿ, ಒತ್ತಿದರೆ ಜಗ್ಗುವುದಿಲ್ಲ. ಅದರ ಬೇರುಗಳು ದಪ್ಪ, ಬೆಳ್ಳಗೆ ಅಥವಾ ತಿಳಿ ಹಳದಿ. ಕೊಳೆತ ಗೆಡ್ಡೆ ಕಪ್ಪಗೆ, ಒತ್ತಿದರೆ ಬೆರಳು ಒಳಗೇ ಹೋಗುತ್ತದೆ. ಕೊಳೆತ ಬೇರನ್ನು ಎಳೆದರೆ ಮೇಲಿನ ಸಿಪ್ಪೆ ಕಳಚಿ ಬಂದು ಒಳಗಿನ ನೂಲಿನಂಥ ನಾರು ಮಾತ್ರ ಉಳಿಯುತ್ತದೆ. ಒಂದೊಂದು ದಂಟಿನ ಕೆಳಗೂ ಬೆರಳು ಆಡಿಸಿ ನೋಡಿ. ಎಲ್ಲವೂ ಒಂದೇ ಸಲ ಕೊಳೆಯುವುದು ಅಪರೂಪ. ಕುಂಡದ ತಳಕ್ಕೆ ಹತ್ತಿರ ಇದ್ದವು ಹೋಗಿರುತ್ತವೆ, ಮೇಲಿನವು ಉಳಿದಿರುತ್ತವೆ.

ಚಾಕುವನ್ನು ಸ್ಪಿರಿಟ್‌ನಲ್ಲಿ ಅಥವಾ ಸ್ಯಾನಿಟೈಸರ್‌ನಲ್ಲಿ ಒರೆಸಿ. ಕೊಳೆತ ಭಾಗವನ್ನು ಧೈರ್ಯವಾಗಿ ಕತ್ತರಿಸಿ. ಒಳಗಿನ ತಿರುಳು ಎಲ್ಲೂ ಕಂದು ಗೆರೆ ಇಲ್ಲದೆ ತಿಳಿ ಹಳದಿಯಾಗಿ, ಗಟ್ಟಿಯಾಗಿ ಕಾಣುವವರೆಗೆ ಕತ್ತರಿಸಬೇಕು. ಪಾಪ ಅಂತ ಅರ್ಧ ಉಳಿಸಿದರೆ ಅಲ್ಲಿಂದಲೇ ಮತ್ತೆ ಶುರುವಾಗುತ್ತದೆ. ಪ್ರತಿ ಸಲ ಕತ್ತರಿಸಿದ ಮೇಲೂ ಚಾಕು ಒರೆಸಿ. ಆಮೇಲೆ ಉಳಿದ ಗೆಡ್ಡೆಗಳನ್ನು ನೆರಳಲ್ಲಿ, ಗಾಳಿ ಆಡುವ ಕಡೆ, ಪೇಪರ್ ಮೇಲೆ ಎರಡು ಮೂರು ದಿನ ಹಾಗೇ ಬಿಡಿ. ಮಣ್ಣಿಲ್ಲದೆ ಇಟ್ಟರೆ ಸಾಯುತ್ತದೇನೋ ಅಂತ ಹೆದರಬೇಡಿ, ಗೆಡ್ಡೆಯೊಳಗೆ ಬೇಕಾದಷ್ಟು ನೀರಿದೆ. ಗಾಯದ ಮೇಲೆ ಒಣ ಪೊರೆ ಕಟ್ಟುವುದೇ ಇಲ್ಲಿ ನಿಜವಾದ ಔಷಧ. ಅರಿಶಿನ, ಚಕ್ಕೆ ಪುಡಿ ಹಚ್ಚುವವರಿದ್ದಾರೆ. ಹಚ್ಚಿದರೆ ನಷ್ಟವಿಲ್ಲ. ಜೋರಾಗಿ ಕೊಳೆತಿದ್ದರೆ ಗೊಬ್ಬರದ ಅಂಗಡಿಯಲ್ಲಿ ಸಿಗುವ ಕಾಪರ್ ಆಕ್ಸಿಕ್ಲೋರೈಡ್ ಅನ್ನುವ ಶಿಲೀಂಧ್ರನಾಶಕವನ್ನು ಲೀಟರ್ ನೀರಿಗೆ 3 ಗ್ರಾಂ ಕಲಸಿ, ಗೆಡ್ಡೆಗಳನ್ನು ಹತ್ತು ನಿಮಿಷ ಅದ್ದಿ, ಆಮೇಲೆ ಒಣಗಿಸಿ. ಈ ಕೆಲಸ ಬಾಲ್ಕನಿಯಲ್ಲಿ ಮಾಡಿ, ಮಗು ಹತ್ತಿರ ಬೇಡ, ಅಡುಗೆಮನೆಯ ಪಾತ್ರೆ ಬಳಸಬೇಡಿ.

ಮತ್ತೆ ನೆಡಲು ಮಣ್ಣು ಹೇಗಿರಬೇಕು? ನೀರು ಹಾಕಿದರೆ ಹತ್ತಿಪ್ಪತ್ತು ಸೆಕೆಂಡಿನಲ್ಲಿ ಕೆಳಗಿನ ತೂತಿನಿಂದ ಹೊರಗೆ ಬರುವ ಹಾಗಿರಬೇಕು. ಕೆಂಪು ಮಣ್ಣು ಒಂದು ಪಾಲು, ಕೋಕೋಪೀಟ್ ಅರ್ಧ ಪಾಲು, ಒರಟಾದ ವಸ್ತು ಒಂದೂವರೆ ಪಾಲು, ಚೆನ್ನಾಗಿ ಕಳಿತ ಗೊಬ್ಬರ ಎರಡು ಹಿಡಿ. ಒರಟಾದ ವಸ್ತು ಅಂದರೆ ಪರ್ಲೈಟೇ (ಹಗುರವಾದ ಬಿಳಿ ಕಲ್ಲಿನ ಕಾಳು) ಆಗಬೇಕಿಲ್ಲ. ಹತ್ತಿರ ಎಲ್ಲಾದರೂ ಮನೆ ಕಟ್ಟುತ್ತಿದ್ದರೆ ಬೇಬಿ ಜಲ್ಲಿ, ಒಡೆದ ಇಟ್ಟಿಗೆ ಚೂರು ಸಿಗುತ್ತದೆ. ಇದ್ದಿಲಿನ ಚೂರೂ ಆಗುತ್ತದೆ. ಎಂ ಸ್ಯಾಂಡ್ ಹಾಕುವುದಾದರೆ ಜರಡಿ ಹಿಡಿದು ಸಣ್ಣ ಪುಡಿಯನ್ನು ತೆಗೆದುಹಾಕಿ. ಆ ಪುಡಿ ನೀರು ಬಿದ್ದ ಮೇಲೆ ಗಾರೆಯ ಹಾಗೆ ಗಟ್ಟಿ ಕೂರುತ್ತದೆ.

ಕುಂಡದ ತಳದಲ್ಲಿ ಎರಡಿಂಚು ಜಲ್ಲಿ ತುಂಬಿದರೆ ತೂತು ಇಲ್ಲದಿದ್ದರೂ ನಡೆಯುತ್ತದೆ ಅಂತ ತುಂಬಾ ಜನ ಹೇಳುತ್ತಾರೆ. ನಡೆಯುವುದಿಲ್ಲ. ಸಣ್ಣ ಕಣಗಳ ಮಣ್ಣಿನಿಂದ ದೊಡ್ಡ ಸಂದುಗಳ ಜಲ್ಲಿಗೆ ನೀರು ಸುಲಭವಾಗಿ ಇಳಿಯುವುದಿಲ್ಲ. ಮೇಲಿನ ಮಣ್ಣು ಪೂರ್ತಿ ನೆನೆದು ತುಂಬುವವರೆಗೂ ಅಲ್ಲೇ ಹಿಡಿದುಕೊಂಡಿರುತ್ತದೆ. ಅಂದರೆ ಜಲ್ಲಿ ಹಾಕಿದಷ್ಟೂ ಒದ್ದೆ ಪದರ ಗೆಡ್ಡೆಗೆ ಇನ್ನೂ ಹತ್ತಿರ ಬಂತು. ತೂತಿನ ಮೇಲೆ ಒಂದು ಹೆಂಚಿನ ಚೂರು ಅಥವಾ ಸೊಳ್ಳೆ ಜಾಲರಿಯ ತುಂಡು ಇಟ್ಟರೆ ಸಾಕು, ಮಣ್ಣು ಸೋರದಿರಲಿ ಅಂತ. ಜಲ್ಲಿಯನ್ನು ಮಣ್ಣಿನಲ್ಲೇ ಕಲಸಿ.

ಆ ಬಿಳಿ ಪಿಂಗಾಣಿ ಕುಂಡ ಚೆಂದ ಇದ್ದರೆ ಎಸೆಯಬೇಡಿ. ಗಿಡವನ್ನು ತೂತಿರುವ ಪ್ಲಾಸ್ಟಿಕ್ ಅಥವಾ ಮಣ್ಣಿನ ಕುಂಡದಲ್ಲಿ ನೆಟ್ಟು, ಅದನ್ನು ಪಿಂಗಾಣಿ ಒಳಗೆ ಕೂರಿಸಿ. ನೀರು ಹಾಕುವಾಗ ಹೊರಗೆ ತೆಗೆದು, ಪೂರ್ತಿ ಸೋರಿದ ಮೇಲೆ ವಾಪಸ್ ಇಡಿ. ಕುಂಡದ ಅಳತೆಯಲ್ಲಿ ಆಸೆ ಬೇಡ. ಉಳಿದ ಗೆಡ್ಡೆಗಳ ಸುತ್ತ ಎರಡು ಬೆರಳಷ್ಟು ಜಾಗ ಇದ್ದರೆ ಸಾಕು. ದೊಡ್ಡ ಕುಂಡ ಅಂದರೆ ಬೇರಿಲ್ಲದ ಮಣ್ಣು ಜಾಸ್ತಿ, ಬೇರಿಲ್ಲದ ಮಣ್ಣು ಅಂದರೆ ಆರದ ಮಣ್ಣು. ಈ ಗಿಡಕ್ಕೆ ಇಕ್ಕಟ್ಟೇ ಹಿತ. ಚೆನ್ನಾಗಿ ಬೆಳೆದ ಗೆಡ್ಡೆಗಳು ಪ್ಲಾಸ್ಟಿಕ್ ಕುಂಡವನ್ನೇ ಉಬ್ಬಿಸಿ ಸೀಳಿಬಿಡುತ್ತವೆ. ಹಾಗಾದಾಗ ಕುಂಡ ಬದಲಿಸಿದರೆ ಸಾಕು.

ಗೆಡ್ಡೆಯ ನೆತ್ತಿ ಮಣ್ಣಿನ ಮಟ್ಟಕ್ಕೆ ಸ್ವಲ್ಪ ಕೆಳಗೆ ಬರುವ ಹಾಗೆ ನೆಡಿ. ನೆಟ್ಟ ಮೇಲೆ ಒಂದು ವಾರ, ಹತ್ತು ದಿನ ಹನಿ ನೀರೂ ಬೇಡ.

ಆಮೇಲೆ ನೀರು ಎಷ್ಟು ದಿನಕ್ಕೊಮ್ಮೆ? ನೀವು ನನ್ನಿಂದ ಒಂದು ಸಂಖ್ಯೆ ಕೇಳುತ್ತೀರಿ ಅಂತ ಗೊತ್ತು. ವಾರದ ಲೆಕ್ಕವೇ ನಿಮ್ಮ ಗಿಡವನ್ನು ಇಲ್ಲಿಗೆ ತಂದದ್ದು. ಅದರ ಬದಲು ಕಡ್ಡಿಪೊರಕೆಯಿಂದ ಒಂದು ಕಡ್ಡಿ ಮುರಿದು ಕುಂಡದ ಪಕ್ಕ ಇಟ್ಟುಕೊಳ್ಳಿ. ಅಂಚಿನಲ್ಲಿ, ಗೆಡ್ಡೆಗೆ ಚುಚ್ಚದ ಹಾಗೆ, ತಳ ಮುಟ್ಟುವವರೆಗೆ ಇಳಿಸಿ. ಎರಡು ನಿಮಿಷ ಬಿಟ್ಟು ಹೊರತೆಗೆಯಿರಿ. ಕಡ್ಡಿಗೆ ಮಣ್ಣು ಅಂಟಿದ್ದರೆ ಅಥವಾ ಕಡ್ಡಿಯ ಬಣ್ಣ ಕಪ್ಪಾಗಿದ್ದರೆ ನೀರು ಬೇಡ. ಒಣಗಿ ಸ್ವಚ್ಛವಾಗಿ ಬಂದರೆ ಆ ದಿನ ನೀರು ಹಾಕಿ, ಆದರೆ ಲೋಟದ ಲೆಕ್ಕ ಅಲ್ಲ. ಸಿಂಕ್‌ನಲ್ಲೋ ಬಾತ್‌ರೂಮಿನಲ್ಲೋ ಇಟ್ಟು, ತೂತಿನಿಂದ ಧಾರಾಳವಾಗಿ ಹೊರಬರುವವರೆಗೆ ಹಾಕಿ. ಪೂರ್ತಿ ನೆನೆಯಬೇಕು, ಆಮೇಲೆ ಪೂರ್ತಿ ಒಣಗಬೇಕು. ಕಾಡಿನ ಮಳೆಯೂ ಹಾಗೇ ಬರುವುದು. ಸುಮಾರಾಗಿ ಹೇಳುವುದಾದರೆ ಬೆಳಕಿರುವ ಕಿಟಕಿ ಪಕ್ಕ ಬೇಸಿಗೆಯಲ್ಲಿ ಎರಡು ವಾರಕ್ಕೊಮ್ಮೆ ಬರಬಹುದು. ಒಳಗಿನ ಮೂಲೆಯಲ್ಲಿ ತಿಂಗಳಿಗೊಮ್ಮೆ. ಮಂಗಳೂರು, ಉಡುಪಿ ಕಡೆ ಜೂನ್‌ನಿಂದ ಆಗಸ್ಟ್‌ವರೆಗೆ ಗಾಳಿಯಲ್ಲೇ ತೇವ ತುಂಬಿರುವಾಗ ಒಂದೂವರೆ ತಿಂಗಳಾದರೂ ಕಡ್ಡಿ ಒದ್ದೆಯೇ ಬಂದರೆ ಆಶ್ಚರ್ಯ ಪಡಬೇಡಿ. ಚಳಿ ದೇಶದಲ್ಲಿರುವ ನಮ್ಮವರು ಡಿಸೆಂಬರ್, ಜನವರಿಯಲ್ಲಿ ಇನ್ನೂ ಕಡಿಮೆ ಮಾಡಬೇಕು. ಅಲ್ಲಿ ರಾತ್ರಿ ತಣ್ಣಗಾಗುವ ಕಿಟಕಿಯ ಗಾಜಿಗೆ ಎಲೆ ತಾಗದಿರಲಿ. 15 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಈ ಗಿಡಕ್ಕೆ ಸುಖವಿಲ್ಲ.

ಒಂದು ಮಾತು ಬೆಂಗಳೂರಿನವರಿಗೆ. ಆರ್‌ಒ ಮೆಷಿನ್‌ನಿಂದ ವೇಸ್ಟ್ ಆಗಿ ಬರುವ ನೀರನ್ನು ಗಿಡಕ್ಕೆ ಹಾಕುವ ಅಭ್ಯಾಸ ಎಷ್ಟೋ ಮನೆಗಳಲ್ಲಿದೆ. ಪೋಲಾಗದಿರಲಿ ಅನ್ನುವ ಉದ್ದೇಶ ಒಳ್ಳೆಯದೇ. ಆದರೆ ಬೋರ್‌ವೆಲ್ ನೀರಿನ ಉಪ್ಪಿನಂಶವೆಲ್ಲ ಆ ವೇಸ್ಟ್ ನೀರಿನಲ್ಲಿ ಇನ್ನೂ ಗಟ್ಟಿಯಾಗಿ ಸೇರಿರುತ್ತದೆ. ನೆಲ ಒರೆಸಲು, ಟಾಯ್ಲೆಟ್‌ಗೆ ಬಳಸಿ. ತಿಂಗಳಿಗೊಮ್ಮೆ ನೀರು ಕುಡಿಯುವ ಕುಂಡದ ಗಿಡಕ್ಕೆ ಬೇಡ, ಉಪ್ಪು ಅಲ್ಲೇ ಕೂತು ಎಲೆಯ ತುದಿ ಸುಡುತ್ತದೆ. ಕಾವೇರಿ ನೀರೋ ಮಳೆ ನೀರೋ ಆದರೆ ಒಳ್ಳೆಯದು.

ಜಾಗದ ವಿಷಯ. ಟಿವಿ ಮೂಲೆಯಿಂದ ತೆಗೆದು ಪೂರ್ವದ ಕಿಟಕಿ ಹತ್ತಿರ ಇಡಿ. ಬೆಳಗಿನ ಎಳೆ ಬಿಸಿಲು ಒಂದೆರಡು ಗಂಟೆ ಬಿದ್ದರೆ ತೊಂದರೆಯಿಲ್ಲ. ಪೂರ್ವ ಇಲ್ಲದಿದ್ದರೆ ಉತ್ತರ. ಪಶ್ಚಿಮದ ಕಿಟಕಿ ಮಾತ್ರ ಇದ್ದರೆ ತೆಳು ಪರದೆಯ ಹಿಂದೆ, ಮೂರು ನಾಲ್ಕು ಅಡಿ ಒಳಗೆ. ಮಾರ್ಚ್, ಏಪ್ರಿಲ್‌ನ ಮಧ್ಯಾಹ್ನದ ಬಿಸಿಲು ನೇರ ಬಿದ್ದರೆ ಎಲೆ ಸುಟ್ಟು ಬಿಳಿಚಿಕೊಳ್ಳುತ್ತದೆ, ಆ ಕಲೆ ಹೋಗುವುದಿಲ್ಲ. ಬೆಳಕು ಸಾಕಾ ಅಂತ ನೋಡಲು ಹಗಲು ಹನ್ನೊಂದು ಗಂಟೆಗೆ ಲೈಟ್ ಆರಿಸಿ, ಗಿಡ ಇರುವ ಜಾಗದಲ್ಲಿ ಬಿಳಿ ಹಾಳೆಯ ಮೇಲೆ ಕೈ ಹಿಡಿಯಿರಿ. ನೆರಳಿನ ಅಂಚು ಮಸುಕಾಗಿಯಾದರೂ ಕಂಡರೆ ಸರಿ. ನೆರಳೇ ಕಾಣದಿದ್ದರೆ ಅಲ್ಲಿ ಗಿಡ ಬದುಕಿರುತ್ತದೆ ಅಷ್ಟೆ.

ಝೀಝೀಯನ್ನು ಕತ್ತಲಲ್ಲೂ ಬೆಳೆಯುವ ಗಿಡ ಅಂತ ಮಾರುವುದು ನನಗೆ ಸರಿ ಕಾಣುವುದಿಲ್ಲ. 1829ರಲ್ಲೇ ಲಂಡನ್ನಿನ ಲಾಡಿಜಸ್ ನರ್ಸರಿಯವರು ಇದನ್ನು ವರ್ಣಿಸಿ ಹೆಸರಿಟ್ಟಿದ್ದರು. ಆದರೂ ಮನೆಮನೆಗೆ ಬಂದದ್ದು 1990ರ ದಶಕದ ಕೊನೆಗೆ, ಡಚ್ ನರ್ಸರಿಗಳು ದೊಡ್ಡ ಪ್ರಮಾಣದಲ್ಲಿ ಬೆಳೆಸಿ ಮಾರಲು ಶುರು ಮಾಡಿದ ಮೇಲೆ. ಆಫೀಸಿನ ಟ್ಯೂಬ್‌ಲೈಟಿನ ಕೆಳಗೆ ತಿಂಗಳುಗಟ್ಟಲೆ ಕೆಡದೆ ನಿಲ್ಲುತ್ತದೆ ಅನ್ನುವುದೇ ಮಾರಾಟದ ಗುಟ್ಟು. ಆಫೀಸಿನವರಿಗೆ ಗಿಡ ಕೆಡದಿದ್ದರೆ ಸಾಕು. ನಿಮಗೆ ಬೆಳೆಯಬೇಕು. ಎರಡಕ್ಕೂ ಬೇಕಾದ ಬೆಳಕು ಬೇರೆ ಬೇರೆ.

ಎಷ್ಟು ಬೆಳೆದರೆ ಸರಿ ಅಂತ ಅಂದುಕೊಳ್ಳಬೇಕು? ನಮ್ಮ ಕಡೆ ಯುಗಾದಿಯಿಂದ ದಸರಾವರೆಗೆ ಇದರ ಕಾಲ. ಆರೋಗ್ಯವಾದ ಗಿಡ, ಒಳ್ಳೆಯ ಬೆಳಕು ಇದ್ದರೆ ವರ್ಷಕ್ಕೆ ಮೂರು ನಾಲ್ಕು ಸುಳಿ ಬಂದರೆ ಸಂತೋಷ ಪಡಿ. ಬರುವುದೂ ಒಂದೊಂದಾಗಿ ಅಲ್ಲ, ಹೆಚ್ಚಾಗಿ ಎರಡು ಮೂರು ಒಟ್ಟಿಗೆ. ಮಣ್ಣಿನಿಂದ ಚೂಪಾದ ಹಸಿರು ಮೊನೆ ಏಳುತ್ತದೆ, ಎಲೆಗಳನ್ನೆಲ್ಲ ಸುತ್ತಿ ಒಳಗಿಟ್ಟುಕೊಂಡಿರುತ್ತದೆ. ಅಲ್ಲಿಂದ ಬಿಚ್ಚುವಷ್ಟರಲ್ಲಿ ಗಿಡ ನಿಧಾನ ಅನ್ನುವುದೇ ಮರೆತುಹೋಗುತ್ತದೆ, ಅಷ್ಟು ಬೇಗ ಏರುತ್ತದೆ. ಎಲೆ ಮೊದಲು ಎಳೆ ಹಸಿರು, ಕೆಲವು ವಾರಗಳಲ್ಲಿ ಕಡು ಹಸಿರು. ರೇವನ್ ಅನ್ನುವ ಕಪ್ಪು ತಳಿಯಲ್ಲಿ ಎಳೆ ಹಸಿರಿಂದ ನೇರಳೆ ಕಪ್ಪಿಗೆ ತಿರುಗುತ್ತದೆ. ಅದು ಇನ್ನೂ ನಿಧಾನ, ದುಡ್ಡೂ ಜಾಸ್ತಿ. ನಿಮ್ಮ ಗಿಡಕ್ಕೆ ಆಪರೇಷನ್ ಆಗಿರುವುದರಿಂದ ಆರು ತಿಂಗಳು ಮೇಲೆ ಏನೂ ಕಾಣದೇ ಇರಬಹುದು. ಮೊದಲು ಬೇರು, ಆಮೇಲೆ ಗೆಡ್ಡೆ, ಕೊನೆಗೆ ಎಲೆ. ನಡುವೆ ಕೆದಕಿ ನೋಡಬೇಡಿ. ದಂಟನ್ನು ಮೆಲ್ಲಗೆ ಅಲ್ಲಾಡಿಸಿದಾಗ ಮಣ್ಣು ಹಿಡಿದುಕೊಂಡಿದೆ ಅನ್ನಿಸಿದರೆ ಬೇರು ಬಂದಿದೆ.

ಗೊಬ್ಬರ ಸಾಲದೆ ನಿಂತ ಗಿಡ ಅಲ್ಲ ಇದು. ಹಾಗಾಗಿ ಅಕ್ಕಿ ನೀರು, ಮಜ್ಜಿಗೆ, ಟೀ ಚರಟ, ಬಾಳೆಸಿಪ್ಪೆ ನೀರು ಯಾವುದೂ ಬೇಡ. ಹಿತ್ತಲಿನ ನೆಲದಲ್ಲಿ ಹುಳುಗಳು, ಬಿಸಿಲು, ಗಾಳಿ ಸೇರಿ ಅದನ್ನು ಕರಗಿಸುತ್ತವೆ. ಹಾಲ್‌ನ ಕುಂಡದಲ್ಲಿ ಬೂಷ್ಟು ಹಿಡಿದು, ಸಣ್ಣ ಕರಿ ನೊಣ ಎದ್ದು ಮುಖದ ಸುತ್ತ ಹಾರುತ್ತವೆ. ನಿಮ್ಮ ಮನೆಯಲ್ಲಿ ಈಗಾಗಲೇ ಇರಬೇಕು ಅಲ್ವಾ? ಮಣ್ಣು ಬದಲಿಸಿ, ಮೇಲ್ಪದರ ಒಣಗಿಸಿದರೆ ಹೋಗುತ್ತವೆ. ಹೊಸ ಸುಳಿ ಕಂಡ ಮೇಲೆ 19:19:19 ಗೊಬ್ಬರ (ಸಾರಜನಕ, ರಂಜಕ, ಪೊಟ್ಯಾಷ್ ಸಮವಾಗಿರುವ, ನೀರಲ್ಲಿ ಕರಗುವ ಗೊಬ್ಬರ) ಲೀಟರಿಗೆ 1 ಗ್ರಾಂ, ಎರಡು ತಿಂಗಳಿಗೊಮ್ಮೆ, ನೀರು ಹಾಕುವ ದಿನವೇ. ಚಳಿಗಾಲದಲ್ಲಿ ಅದೂ ಬೇಡ. ಎಲೆಗೆ ಧೂಳು ಕೂತರೆ ಒದ್ದೆ ಬಟ್ಟೆಯಲ್ಲಿ ಒರೆಸಿ. ಹೊಳಪಿಗೆ ಅಂತ ಕೊಬ್ಬರಿ ಎಣ್ಣೆ ಹಚ್ಚಬೇಡಿ, ರಂಧ್ರ ಕಟ್ಟಿಕೊಂಡು ಇನ್ನಷ್ಟು ಧೂಳು ಹಿಡಿಯುತ್ತದೆ. ಒರೆಸುವಾಗ ದಂಟಿನ ಸಂದಿನಲ್ಲಿ ಬಿಳಿ ಹತ್ತಿಯಂಥದ್ದು ಕಂಡರೆ ಅದು ಹಿಟ್ಟು ತಿಗಣೆ. ಹತ್ತಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ ಒರೆಸಿ ತೆಗೆಯಿರಿ.

ಈಗ ನಿಮ್ಮ ಅತ್ತೆಯವರ ಮಾತು. ಅವರು ಹೇಳಿದ್ದು ಪೂರ್ತಿ ಸುಳ್ಳಲ್ಲ. ಝೀಝೀ ನಮ್ಮ ಕೆಸು, ಸುವರ್ಣಗೆಡ್ಡೆಗಳ ಕುಟುಂಬಕ್ಕೇ ಸೇರಿದ್ದು. ಮನಿ ಪ್ಲಾಂಟ್ ಕೂಡ ಅದೇ ಕುಟುಂಬ. ಇವೆಲ್ಲವುಗಳಲ್ಲೂ ಕ್ಯಾಲ್ಸಿಯಂ ಆಕ್ಸಲೇಟ್ ಅನ್ನುವ ಚೂಪು ಹರಳುಗಳಿರುತ್ತವೆ. ಸರಿಯಾಗಿ ಬೇಯದ ಕೆಸುವಿನೆಲೆ ತಿಂದು ಗಂಟಲು ಕೆರೆದುಕೊಂಡವರಿಗೆ ಇದು ಗೊತ್ತು. ಪತ್ರೊಡೆಗೆ ಹುಣಸೆಹುಳಿ ಹಾಕಿ, ಚೆನ್ನಾಗಿ ಬೇಯಿಸುವುದು ಆ ತುರಿಕೆಗೇ. ಗೆಡ್ಡೆ ಕತ್ತರಿಸುವಾಗ ಗ್ಲೌಸ್ ಹಾಕಿ ಅಂದದ್ದೂ ಇದಕ್ಕೇ. ಆದ್ದರಿಂದ ಝೀಝೀ ತಿನ್ನುವ ಗಿಡ ಅಲ್ಲ. ಮಗು ಎಲೆ ಅಗಿದರೆ ಬಾಯಿ, ನಾಲಿಗೆ ಉರಿಯುತ್ತದೆ, ಊದಿಕೊಳ್ಳಬಹುದು. ಬಾಯಲ್ಲಿರುವುದನ್ನು ತೆಗೆದು, ಒದ್ದೆ ಬಟ್ಟೆಯಲ್ಲಿ ಒರೆಸಿ, ತಣ್ಣನೆಯ ನೀರೋ ಹಾಲೋ ಕುಡಿಸಿ. ಊತ ಹೆಚ್ಚಾದರೆ, ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ ಕಾಯದೆ ಆಸ್ಪತ್ರೆಗೆ ಹೋಗಿ. ಬೆಕ್ಕು, ನಾಯಿಗೂ ಇದೇ ತೊಂದರೆ.

ಆದರೆ ಮುಟ್ಟಿದರೆ ವಿಷ, ಪಕ್ಕ ಕೂತರೆ ಕ್ಯಾನ್ಸರ್ ಅಂತೆಲ್ಲ ವಾಟ್ಸಾಪ್‌ನಲ್ಲಿ ಬರುವುದಕ್ಕೆ ಆಧಾರವಿಲ್ಲ. 2015ರಲ್ಲಿ ನಾರ್ವೆಯ ಬರ್ಗನ್ ವಿಶ್ವವಿದ್ಯಾಲಯದವರು ಇದರ ಸಾರವನ್ನು ಉಪ್ಪುನೀರಿನ ಸಣ್ಣ ಸಿಗಡಿ ಮರಿಗಳ ಮೇಲೆ ಪರೀಕ್ಷಿಸಿದರು. ಮರಿಗಳು ಸಾಯಲಿಲ್ಲ. ಸಿಗಡಿಗೆ ಆಗದ್ದು ಮಗುವಿಗೂ ಆಗದು ಅಂತ ನಾನು ಹೇಳುತ್ತಿಲ್ಲ. ಗಿಡ ಇಡೀ ಮಾರಕ ಅನ್ನುವ ಮಾತು ನಿಲ್ಲುವುದಿಲ್ಲ ಅಷ್ಟೆ. ಮೂರು ವರ್ಷದ ಮಗು ಇರುವ ಮನೆಯಲ್ಲಿ ಕೈಗೆ ಎಟುಕದ ಎತ್ತರದ ಸ್ಟ್ಯಾಂಡಿನ ಮೇಲೆ ಇಡಿ, ಉದುರಿದ ಎಲೆಗಳನ್ನು ಆಗಾಗ ಎತ್ತಿಬಿಡಿ. ಮಗು ಇನ್ನೂ ಕಂಡದ್ದನ್ನೆಲ್ಲ ಬಾಯಿಗೆ ಹಾಕುತ್ತಿದ್ದರೆ ಒಂದು ವರ್ಷ ಬಾಲ್ಕನಿಯ ನೆರಳಿನಲ್ಲಿ ಇರಲಿ. ಅತ್ತೆಯವರಿಗೂ ಸಮಾಧಾನ, ಗಿಡಕ್ಕೂ ಅಲ್ಲಿ ಬೆಳಕು ಜಾಸ್ತಿ. ಮಳೆ ನೀರು ನೇರ ಬೀಳದಿದ್ದರೆ ಸಾಕು.

ಉಳಿಸಿಕೊಳ್ಳಬೇಕಾ ಅಂತಲೂ ಕೇಳಿದ್ದೀರಿ. ಗಾಳಿ ಶುದ್ಧ ಮಾಡುತ್ತದೆ ಅಂತ ಯಾರಾದರೂ ಹೇಳಿದ್ದರೆ ಅದಕ್ಕಾಗಿ ಇಟ್ಟುಕೊಳ್ಳಬೇಡಿ. ಮುಚ್ಚಿದ ಗಾಜಿನ ಪೆಟ್ಟಿಗೆಯಲ್ಲಿ ಗಿಡಗಳು ಬೆಂಜೀನ್‌ನಂಥ ಅನಿಲಗಳನ್ನು ಹೀರುತ್ತವೆ, ಅದು ನಿಜ. ಮನೆ ಗಾಜಿನ ಪೆಟ್ಟಿಗೆ ಅಲ್ಲ. 2019ರಲ್ಲಿ ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಇಬ್ಬರು ಹಳೆಯ ಅಧ್ಯಯನಗಳನ್ನೆಲ್ಲ ಸೇರಿಸಿ ಲೆಕ್ಕ ಹಾಕಿದರು. ಕಟ್ಟಡದ ಸಾಮಾನ್ಯ ಗಾಳಿಯಾಟಕ್ಕೆ ಸಮ ಆಗಬೇಕಾದರೆ ಒಂದು ಚದರ ಮೀಟರ್ ನೆಲಕ್ಕೆ ಕನಿಷ್ಠ 10, ಕೆಲವು ಲೆಕ್ಕದಲ್ಲಿ 1000 ಗಿಡ ಬೇಕು ಅಂತ ಬಂತು. ಕಿಟಕಿ ತೆರೆಯುವುದು ಸುಲಭ. ಗಿಡ ಕಣ್ಣಿಗೆ ಚೆಂದ ಕಂಡರೆ, ಹೊಸ ಸುಳಿ ಬಂದಾಗ ಖುಷಿಯಾದರೆ ಇಟ್ಟುಕೊಳ್ಳಿ. ಕಾರಣ ಅಷ್ಟು ಸಾಕು.

ಒಂದು ವೇಳೆ ಬಿಚ್ಚಿ ನೋಡಿದಾಗ ಒಂದು ಗೆಡ್ಡೆಯೂ ಉಳಿದಿಲ್ಲ ಅಂತಾದರೆ? ಆಗಲೂ ದಾರಿ ಇದೆ. ಮೇಲ್ಭಾಗದ ಹಸಿರಾದ, ಗಟ್ಟಿ ಪುಟ್ಟ ಎಲೆಗಳನ್ನು ತೊಟ್ಟಿನ ಸಮೇತ ಕಿತ್ತು, ಒಂದು ದಿನ ಒಣಗಿಸಿ, ತೂತಿರುವ ಅಗಲ ಡಬ್ಬದಲ್ಲಿ ಒರಟು ಮರಳು, ಕೋಕೋಪೀಟ್ ಸಮ ಹಾಕಿ ಕಾಲು ಭಾಗ ಊರಿ. ಸ್ವಲ್ಪವೇ ತೇವ ಇರಲಿ. ಎರಡು ಮೂರು ತಿಂಗಳಲ್ಲಿ ಬುಡದಲ್ಲಿ ಬಟಾಣಿಯಷ್ಟು ಗೆಡ್ಡೆ ಕಟ್ಟುತ್ತದೆ. ಮೇಲೆ ಸುಳಿ ಕಾಣಲು ಅರ್ಧ ವರ್ಷದಿಂದ ಒಂದು ವರ್ಷ, ಕೆಲವಕ್ಕೆ ಇನ್ನೂ ಜಾಸ್ತಿ. ಅಷ್ಟು ಕಾಯುವ ಮನಸ್ಸಿಲ್ಲದಿದ್ದರೆ ಹೊಸ ಗಿಡ ತನ್ನಿ. ಲಾಲ್‌ಬಾಗ್ ಸುತ್ತಿನ ನರ್ಸರಿಗಳಲ್ಲಿ ಸುಲಭವಾಗಿ ಸಿಗುತ್ತದೆ. ಎಲೆಯ ಹೊಳಪು ನೋಡಿ ಮರುಳಾಗಬೇಡಿ, ಕೆಲವರು ಎಣ್ಣೆ ಒರೆಸಿರುತ್ತಾರೆ. ಪ್ರತಿ ದಂಟಿನ ಬುಡ ಒತ್ತಿ ನೋಡಿ. ಕುಂಡದ ತಳ ತಿರುಗಿಸಿ ತೂತಿದೆಯಾ ನೋಡಿ. ಎತ್ತಿದಾಗ ಕಲ್ಲಿನಷ್ಟು ಭಾರ ಇದ್ದರೆ ಪಕ್ಕದ ಗಿಡ ಎತ್ತಿ ನೋಡಿ. ದಂಟು ಕಡಿಮೆ ಇದ್ದರೂ ಪರವಾಗಿಲ್ಲ, ಪ್ಲಾಸ್ಟಿಕ್ ಕುಂಡದ ಹೊಟ್ಟೆ ಸ್ವಲ್ಪ ಉಬ್ಬಿರುವ ಗಿಡ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ.